ನೀರು ಬಿಡುವಾಕೆಯೂ ನನ್ನ ಡಬ್ಬಿಯೂ

ನಾನು ಚನ್ನಗಿರಿಯ ಡಿಪ್ಲೊಮಾ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಜಗಳೂರು ಕಡೆಯ ಒಂದು ಊರಿನ ನೀರಿನ ಟ್ಯಾಂಕಿಗೆ ಪುಟ್ಟ ಡಬ್ಬಿಯೊಂದನ್ನು ಕೂರಿಸಿದೆ. ಒಳಗೆ ಎರಡು ಪೆನ್ಸಿಲ್ ಸೆಲ್, ಒಂದು ಸೆನ್ಸರ್, ಒಂದು ಸಣ್ಣ ರೇಡಿಯೊ. ನೀರು ಎಷ್ಟಿದೆ ಎಂದು ಅದು ಅಳೆದು, ಶಾಲೆಯ ಮಾಳಿಗೆ ಮೇಲಿದ್ದ ಇನ್ನೊಂದು ಡಬ್ಬಿಗೆ ತಿಳಿಸುತ್ತಿತ್ತು. ಅಲ್ಲಿಂದ ಪಂಚಾಯಿತಿ ಕಚೇರಿಗೆ, ಕಚೇರಿಯಿಂದ ಫೋನಿಗೆ. ಇದನ್ನೆಲ್ಲ ನಡೆಸುವ ಸಾಫ್ಟ್‌ವೇರನ್ನು ನಾನು ಕಂಡು ಕೇಳರಿಯದ ಯಾರೋ ಬರೆದು, ಬೇಕಾದವರು ಬಳಸಲಿ, ತಿದ್ದಲಿ, ಮತ್ತೆ ಹಂಚಲಿ ಎಂದು ಇಂಟರ್ನೆಟ್ಟಿನಲ್ಲಿ ಬಿಟ್ಟಿದ್ದರು. ನಮ್ಮ ಟ್ಯಾಂಕುಗಳಿಗೆ ಅದನ್ನು ಒಗ್ಗಿಸಿ, ನಾನು ಬರೆದದ್ದನ್ನೂ ಹಾಗೆಯೇ ಬಿಟ್ಟೆ.

ಆ ಊರಿಗೆ ನೀರು ಬಿಡುತ್ತಿದ್ದುದು ಒಬ್ಬ ಹೆಂಗಸು. ಗಂಡ ತೀರಿಕೊಂಡ ಮೇಲೆ ಅವನ ಕೆಲಸವನ್ನೇ ಹಿಡಿದಿದ್ದಳು. ದಿನಾ ಬೆಳಿಗ್ಗೆ ಟ್ಯಾಂಕಿನ ಏಣಿ ಹತ್ತಿ, ಹಗ್ಗ ಇಳಿಬಿಟ್ಟು, ಎಷ್ಟು ಗೇಣು ನೀರಿದೆ ಎಂದು ನೋಡಿ ಇಳಿದು ಬಂದು ಕೇರಿ ಕೇರಿಯ ವಾಲ್ವ್ ತಿರುಗಿಸುತ್ತಿದ್ದಳು. ಅವಳಿಗೆ ಮಂಡಿನೋವು. ಆ ಏಣಿ ತಪ್ಪಲಿ ಎಂದೇ ನಾನು ಡಬ್ಬಿ ತಂದದ್ದು.

ವರ್ಷ ಬಾಳಬೇಕಿದ್ದ ಸೆಲ್ಲುಗಳು ಮಾತ್ರ ಮೂರು ವಾರಕ್ಕೇ ಸತ್ತುಹೋಗುತ್ತಿದ್ದವು. ಮೂರನೆಯ ಸಲ ಬದಲಾಯಿಸಲು ಹೋದಾಗ ಅವಳು ಕೇಳಿದಳು:

“ಅಕ್ಕಾ, ಇದು ದಿನಕ್ಕೆ ಎಷ್ಟು ಸಲ ಸುದ್ದಿ ಹೇಳ್ತೈತೆ?”

“ಐದು ನಿಮಿಷಕ್ಕೊಂದು ಸಲ.”

ಅವಳು ನಕ್ಕಳು. “ಯಾಕ್ರೀ? ಮೋಟ್ರು ಹಾಕಿದ್ರೆ ನೀರು ಏರ್ತೈತೆ, ವಾಲು ಬಿಟ್ರೆ ಇಳಿತೈತೆ. ಉಳಿದ ಹೊತ್ತು ಸುಮ್ನೆ ನಿಂತಿರ್ತೈತೆ. ನಿಂತ ನೀರಿನ ಸುದ್ದಿ ಯಾರಿಗೆ ಬೇಕು? ಒಂದು ಗೇಣು ಹೆಚ್ಚುಕಮ್ಮಿ ಆದಾಗ ಹೇಳಿದ್ರೆ ಸಾಲದಾ?”

ಬಸ್ಸಿನಲ್ಲಿ ಕೂತು ಬರುವಷ್ಟರಲ್ಲೇ ಆ ಬದಲಾವಣೆಯನ್ನು ಬರೆದು ಮುಗಿಸಿದ್ದೆ. ಡಬ್ಬಿ ಅಳೆಯುತ್ತದೆ, ನೀರು ಗೇಣಿನಷ್ಟು ಬದಲಾಗಿದ್ದರಷ್ಟೇ ರೇಡಿಯೊ ಎಬ್ಬಿಸುತ್ತದೆ. ಸೆಲ್ ಮುಂದಿನ ಬೇಸಿಗೆ ದಾಟಿದರೂ ಸಾಯಲಿಲ್ಲ. ಅವಳು ಏಣಿ ಹತ್ತುವುದನ್ನು ಬಿಟ್ಟು ಫೋನ್ ನೋಡಿಯೇ ವಾಲ್ವ್ ಬಿಡತೊಡಗಿದಳು. “ಮಂಡಿ ನಿಮ್ಮನ್ನ ನೆನೆಸ್ತೈತೆ” ಎಂದು ಆಗಾಗ ಫೋನ್ ಮಾಡುತ್ತಿದ್ದಳು.

ಆ ಕೋಡನ್ನು ನ್ಯಾಮತಿ ಕಡೆಯವರು ತೆಗೆದುಕೊಂಡರು. ಹೊನ್ನಾಳಿಯಲ್ಲಿ ಮೋಟಾರ್ ರಿಪೇರಿ ಮಾಡುವ ಒಬ್ಬರು, ನಾನು ಇವತ್ತಿಗೂ ಮುಖ ನೋಡದವರು, ಅದಕ್ಕೊಂದು ಭಾಗ ಸೇರಿಸಿದರು: ನೀರು ಇಳಿದರೆ ಮೋಟಾರು ತಾನೇ ಶುರುವಾಗುವುದು, ಹೊತ್ತು ಹೊತ್ತಿಗೆ ವಾಲ್ವೂ ತಾನೇ ತಿರುಗುವುದು. ಸೇರಿಸಿ ನನಗೆ ಕಳಿಸಿದರು. ಸಾಲು ಸಾಲು ಓದಿದೆ, ಎರಡು ತಪ್ಪು ತಿದ್ದಿದೆ, ಬಹಳ ಅಚ್ಚುಕಟ್ಟಾಗಿದೆ ಎಂದು ಮೆಚ್ಚಿ ಎಲ್ಲರಿಗೂ ಸಿಗುವಂತೆ ಸೇರಿಸಿಕೊಂಡೆ. ಅಷ್ಟು ಸಾಲುಗಳಲ್ಲಿ ಎಲ್ಲಿಯೂ ಅವಳ ನೆನಪು ನನಗೆ ಬರಲಿಲ್ಲ.

ಕೆಲವು ತಿಂಗಳಾದ ಮೇಲೆ ಅವಳ ಫೋನ್ ಬಂತು.

“ಅಕ್ಕಾ, ಪಂಚಾಯ್ತಿಯೋರು ಹೊಸ ವಾಲು ಕೂರಿಸಿ ನಾಳೆಯಿಂದ ಬರಬ್ಯಾಡ ಅಂದ್ರು. ವಾಲು ತಾನೇ ತಿರುಗ್ತೈತಂತೆ. ನಿಮ್ಮ ಡಬ್ಬಿ ಕೆಟ್ಟು ಹಿಂಗೆ ಮಾಡ್ತೈತೇನೋ ಅಂದ್ಕಂಡೆ. ಒಂದ್ ಸಲ ಬಂದು ಸರಿ ಮಾಡಾಕೆ ಆಗ್ತೈತಾ?”

ಡಬ್ಬಿ ಕೆಟ್ಟಿರಲಿಲ್ಲ. ಬರುತ್ತೇನೆ ಎಂದಷ್ಟೇ ಹೇಳಿದೆ. ಮರುದಿನ ರಜೆ ಹಾಕಿ ಹೊರಟೆ. ದಾರಿಯುದ್ದಕ್ಕೂ, ಪಂಚಾಯಿತಿಯವರಿಗೆ ಹೇಗಾದರೂ ತಿಳಿಸಿ ಹೇಳಬಹುದು ಎಂದುಕೊಂಡಿದ್ದೆ. ಕಚೇರಿಯಲ್ಲಿದ್ದವರು ಕುರ್ಚಿ ಕೊಟ್ಟು, ಕಾಫಿ ತರಿಸಿ ಉಪಚರಿಸಿದರು. ಮೋಟಾರು, ವಾಲ್ವುಗಳ ಭಾಗವನ್ನಾದರೂ ತೆಗೆಯಿರಿ, ಆಕೆ ಕೆಲಸದಲ್ಲಿರಲಿ ಎಂದೆ.

“ನೀವೇ ಕೊಟ್ಟಿದ್ದಲ್ವೇನ್ರೀ ಮೇಡಂ? ಯಾರು ಬೇಕಾದ್ರೂ ಬಳಸಬಹುದು, ಯಾರನ್ನೂ ಕೇಳಬೇಕಿಲ್ಲ ಅಂತ ನೀವೇ ಹೇಳಿದ್ರಿ” ಎಂದರು. ಅವರ ದನಿಯಲ್ಲಿ ಕುಹಕವಿರಲಿಲ್ಲ. ನಿಜಕ್ಕೂ ನನ್ನನ್ನು ಹೊಗಳುತ್ತಿದ್ದರು.

ಅಲ್ಲಿಂದ ಅವಳ ಮನೆಗೆ ಹೋದೆ. ಚಾ ಕೊಟ್ಟಳು. ನಾನು ಲೋಟ ಕೆಳಗಿಟ್ಟ ಮೇಲೆ ಕೇಳಿದಳು:

“ಅವತ್ತು ನಾನು ಗೇಣಿನ ಮಾತು ಹೇಳದೆ ಇದ್ದಿದ್ರೆ ನಿಮ್ಮ ಸೆಲ್ಲು ಉಳೀತಿದ್ವಾ?”

ಸುಳ್ಳು ಹೇಳಬಹುದಿತ್ತು. “ಇಲ್ಲ” ಎಂದೆ.

“ಹಂಗಾದ್ರೆ ನನ್ನ ಕೆಲ್ಸ ನಾನೇ ಕಳ್ಕಂಡೆ.”

“ನೀನಲ್ಲ, ನಾನು. ಆ ವಾಲ್ವಿನ ಕೋಡು ಓದಿ ಒಪ್ಪಿದವಳು ನಾನೇ.”

ಮೊದಲ ಬಾರಿಗೆ ನನ್ನ ಮುಖವನ್ನು ನೇರ ನೋಡಿದಳು. “ಹಿಂಗಾಗ್ತೈತೆ ಅಂತ ಗೊತ್ತಿತ್ತಾ?”

“ಯೋಚನೆ ಮಾಡಲಿಲ್ಲ.”

ಬೈದಿದ್ದರೆ ಎದ್ದು ಬರುವುದು ಸುಲಭವಾಗುತ್ತಿತ್ತು. ಅವಳು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ತುಂಬಾ ಹೊತ್ತು ಹೊರಗೆ ಬರಲಿಲ್ಲ.

ಚನ್ನಗಿರಿಗೆ ಬಂದು ನನ್ನ ಪ್ರತಿಯಿಂದ ಆ ಭಾಗವನ್ನು ಅಳಿಸಿದೆ. ಆದರೆ ಒಮ್ಮೆ ಬಿಟ್ಟ ಕೋಡು ನನ್ನೊಬ್ಬಳದಲ್ಲ. ಬೇರೆಯವರ ಪ್ರತಿಗಳಲ್ಲಿ ಹಾಗೇ ಉಳಿಯಿತು, ಅವರಿಂದ ಇನ್ನಷ್ಟು ಊರುಗಳಿಗೆ ಹೋಯಿತು. ಬಳಸುವ ಮೊದಲು ನಿಮ್ಮೂರಿನಲ್ಲಿ ನೀರು ಬಿಡುವವರನ್ನು ಕೂರಿಸಿಕೊಂಡು ಮಾತಾಡಿ ಎಂದು, ಬಳಸುವವರೆಲ್ಲ ಸೇರಿ ತಿದ್ದುವ ಸೂಚನೆಗಳ ಮೇಲ್ಗಡೆ ಬರೆದೆ. ಯಾರೋ ಅದನ್ನು ತೆಗೆದುಹಾಕಿ, ಇದು ತಾಂತ್ರಿಕ ವಿಷಯವಲ್ಲ ಎಂದು ಸಭ್ಯವಾಗಿ ಕಾರಣ ಕೊಟ್ಟರು. ಮತ್ತೆ ಬರೆದೆ. ಮತ್ತೆ ತೆಗೆದರು.

ಅವಳು ಈಗ ಮೆಕ್ಕೆಜೋಳ ಮುರಿಯುವ ಕೂಲಿಗೆ ಹೋಗುತ್ತಾಳೆ. ನಾನು ಫೋನ್ ಮಾಡಿದರೆ ಮಗಳು ಎತ್ತುತ್ತಾಳೆ.

“ಅವ್ವ ಕೆಲ್ಸಕ್ಕೆ ಹೋಗೈತ್ರೀ.”

“ನಾನು ಫೋನ್ ಮಾಡಿದ್ದೆ ಅಂತ ಹೇಳಮ್ಮ.”

“ಪ್ರತಿ ಸಲ ಹೇಳ್ತೀನ್ರೀ. ಅವ್ವ ಹೂಂ ಅನ್ನಲ್ಲ, ಉಹೂಂ ಅನ್ನಲ್ಲ.”