ವಾರವೆಲ್ಲ ಉಪವಾಸ

ನಾನು ತಿಂಡಿಪೋತಿ. ಸೋಲದೇವನಹಳ್ಳಿಯ ಪಿಜಿಯಲ್ಲಿ ದಿನಾ ಅದೇ ಚಿತ್ರಾನ್ನವೇ ಎಂದು ಬೈಯುತ್ತಲೇ ಎರಡು ಸಲ ಹಾಕಿಸಿಕೊಳ್ಳುತ್ತಿದ್ದವಳು. ಅಂಥ ನನಗೆ ರೂಮಿನಲ್ಲಿ ಜೊತೆಯಾದವಳು ಮಹಾ ವ್ರತದವಳು. ಅರಸೀಕೆರೆ ಕಡೆಯ ಹುಡುಗಿ, ನನ್ನದೇ ಬಿ.ಎಸ್ಸಿ. ತರಗತಿ. ಮೊದಲು ಸೋಮವಾರ ಮಾತ್ರ ಉಪವಾಸವಿರುತ್ತಿದ್ದಳು, ಈಶ್ವರನಿಗೆ. ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಫೇಲಾದ ಮೇಲೆ ಗುರುವಾರಕ್ಕೆ ರಾಯರು ಬಂದರು, ಶನಿವಾರಕ್ಕೆ ಆಂಜನೇಯ ಬಂದ. ಆಮೇಲೆ ಶುಕ್ರವಾರ ಲಕ್ಷ್ಮಿ, ಮಂಗಳವಾರ ಅಮ್ಮನವರು. ಉಳಿದೆರಡು ದಿನಕ್ಕೂ ಒಬ್ಬೊಬ್ಬರು ಸಿಕ್ಕರು. ನಮ್ಮಲ್ಲಿ ದೇವರಿಗೇನು ಬರವೇ?

ಡಯಟ್ ಮಾಡುತ್ತೇನೆ ಅಂದಿದ್ದರೆ ನಾನೇ ಕಿವಿ ಹಿಂಡಿ ಕೂರಿಸಿ ಉಣ್ಣಿಸುತ್ತಿದ್ದೆ. ಆದರೆ ದೇವರ ಹೆಸರು ಹೇಳಿದವರನ್ನು ನಮ್ಮ ಜನ ಪ್ರಶ್ನೆ ಮಾಡುವುದಿಲ್ಲ, ಕೈ ಮುಗಿಯುತ್ತಾರೆ. ಪಿಜಿ ಆಂಟಿ ಅವಳಿಗೆಂದೇ ಬಾಳೆಹಣ್ಣು ಎತ್ತಿಡುತ್ತಿದ್ದರು. "ನೋಡಿ ಕಲ್ತ್ಕೊ" ಎಂದು ನನಗೆ ಬುದ್ಧಿ ಬೇರೆ. ಊರಿನಿಂದ ಫೋನು ಮಾಡುವ ಅವಳ ಅಮ್ಮ, ಮಗಳಿಗೆ ಈ ವಯಸ್ಸಿಗೇ ಎಷ್ಟು ಭಕ್ತಿ ಎಂದು ಹಿಗ್ಗುತ್ತಿದ್ದರು. ಬಾಳೆಹಣ್ಣು ಅವಳ ಕಪಾಟಿನಲ್ಲಿ ಕಪ್ಪಾಗಿ, ಕಸದ ಬುಟ್ಟಿ ಸೇರುತ್ತಿತ್ತು.

ಮೊದಲು ಅನುಮಾನ ಬಂದದ್ದು ಗಂಗಾನಗರದಿಂದ ಕಾಲೇಜಿಗೆ ಬರುತ್ತಿದ್ದ ನಮ್ಮ ಗೆಳತಿಗೆ. ಅದು ರಂಜಾನ್ ತಿಂಗಳು. ಕ್ಯಾಂಟೀನಿನಲ್ಲಿ ನಾನೊಬ್ಬಳೇ ತಿನ್ನುತ್ತಿದ್ದೆ, ಅವರಿಬ್ಬರೂ ಎದುರಿಗೆ ಕೂತಿದ್ದರು. ಗಂಗಾನಗರದವಳು ಇವಳ ಮಣಿಕಟ್ಟು ಹಿಡಿದು ನೋಡಿ, "ನಮ್ ರೋಜಾ ಸಂಜೆ ಆದ್ರೆ ಬಿಡ್ತೀವಿ ಕಣೇ. ನೀನ್ ಬಿಡೋದ್ ಯಾವಾಗ?" ಎಂದಳು. ಇವಳು ನಕ್ಕಳು. ನನಗೆ ಸಿಟ್ಟು ಬಂತು.

"ದೇವ್ರ ವಿಷ್ಯ, ಸುಮ್ನಿರೇ" ಎಂದೆ.

ಆ ವಾರವೇ ಇವಳು ಲ್ಯಾಬಿನಲ್ಲಿ ಕುಸಿದು ಬಿದ್ದಳು. ನಾನೂ ಗಂಗಾನಗರದವಳೂ ಅವಳನ್ನು ಆಟೋದಲ್ಲಿ ಹೆಬ್ಬಾಳದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಪರೀಕ್ಷೆ ಮಾಡಿದ ಡಾಕ್ಟರು ನಮ್ಮನ್ನು ಹೊರಗೆ ಕರೆದು, "ಇದು ವ್ರತ ಅಲ್ಲಮ್ಮ, ಕಾಯಿಲೆ. ಮನಸ್ಸಿಂದ ಶುರುವಾಗಿದೆ. ಹೀಗೇ ಬಿಟ್ರೆ ಹೃದಯ ತಡ್ಕೊಳಲ್ಲ" ಎಂದರು.

ಡ್ರಿಪ್ ಹಾಕಿಸಿಕೊಂಡು ಮಲಗಿದ್ದವಳ ಪಕ್ಕ ಕೂತು, "ಯಾಕೇ ಹಿಂಗ್ ಮಾಡ್ಕೊಂಡೆ?" ಎಂದು ಕೇಳಿದೆ.

"ಎಷ್ಟ್ ಓದಿದ್ರೂ ತಲೇಲಿ ನಿಲ್ತಿರ್ಲಿಲ್ಲ. ಎಲ್ರೂ ಮುಂದೆ ಹೋಗ್ತಿದ್ರಿ. ಊಟ ಬಿಡೋದೊಂದೇ ಕಣೇ ನಾನ್ ಸರಿಯಾಗ್ ಮಾಡ್ತಿದ್ದಿದ್ದು."

ಆ ಮಾತು ಕೇಳಿ ನಾನು ಗೋಳೋ ಎಂದು ಅತ್ತೆ. ಮಾರ್ಕ್ಸ್‌ಕಾರ್ಡಿನ ಮೇಲೆ, ಬಾಳೆಹಣ್ಣಿನ ಮೇಲೆ, ಒಂದು ದಿನವಾದರೂ ಸಾಕು ಎನ್ನದೆ ವಾರವಿಡೀ ಕೂತ ಅಷ್ಟೂ ದೇವರ ಮೇಲೆ ಸಿಟ್ಟು ಬಂತು.

ಅವಳ ಅಮ್ಮ ಬಂದರು. ಊರಲ್ಲೇ ಇಟ್ಟುಕೊಂಡು ಚಿಕಿತ್ಸೆ ಕೊಡಿಸುವುದೆಂದು ತೀರ್ಮಾನವಾಯಿತು. ನಾನು ಬ್ಯಾಗು ಹೊತ್ತುಕೊಂಡು ಯಶವಂತಪುರ ಸ್ಟೇಷನ್ನಿನವರೆಗೆ ಹೋದೆ. ರೈಲು ತಡವಾಗಿತ್ತು. ಬೆಂಚಿನ ಮೇಲೆ ಕೂತು ಅಮ್ಮ ಮೊಸರನ್ನದ ಡಬ್ಬಿ ಬಿಚ್ಚಿ ಮಗಳ ಕೈಗಿಟ್ಟರು. ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಒಂದು ತುತ್ತು ತಿಂದಳು. ಇನ್ನೊಂದು ತಿಂದಳು. ನನಗೆ ಹೋದ ಜೀವ ಬಂದಂತಾಯಿತು. ಆ ಖುಷಿಗೆ, "ಆಂಟಿ, ನೀವೂ ತಿನ್ನಿ" ಎಂದೆ.

"ನಂಗ್ ಬ್ಯಾಡ ಕಣಮ್ಮ" ಎಂದರು ಅವರು. "ಇವ್ಳು ಸರಿಯಾಗ್ ಉಣ್ಣೋವರ್ಗೂ ದಿನಕ್ಕೊಂದೇ ಊಟ, ಒಪ್ಪೊತ್ತು ಇರ್ತೀನಿ ಅಂತ ದೇವ್ರಿಗೆ ಹರಕೆ ಹೊತ್ತಿದೀನಿ."

ಬಾಯಿಯವರೆಗೆ ಹೋಗಿದ್ದ ತುತ್ತು ಅಲ್ಲೇ ನಿಂತಿತು. ಅವಳು ಅದನ್ನು ಡಬ್ಬಿಗೆ ಹಾಕಿ, ಬಾಟಲಿಯ ನೀರಿನಲ್ಲಿ ಕೈ ತೊಳೆದುಕೊಂಡಳು.

"ಹಂಗಾದ್ರೆ ನಾನೂ ನಿನ್ ಜೊತೇಲೇ ಒಪ್ಪೊತ್ತು ಇರ್ತೀನಮ್ಮ" ಎಂದಳು.

ಅಮ್ಮ ಕಣ್ಣು ತುಂಬಿಕೊಂಡು ಮಗಳ ತಲೆ ಸವರಿದರು.