ಹೂಮಳೆಯೂ ರೋಮಿನ ಟಿಕೆಟ್ಟೂ

ಪ್ರಯಾಣದ ಲೆಕ್ಕ ಹಾಕಿದವಳು ನಾನು. ಅದೇ ಲೆಕ್ಕದಿಂದ ನನ್ನ ಹೆಸರನ್ನು ಹೊಡೆದುಹಾಕಿದರು. ಭಕ್ತಬಾಂಧವರೇ, ಭಾಗಮಂಡಲದ ಸ್ವಾಮಿ ನನ್ನ ಮೊರೆ ಕೇಳಿದ ಸಂಗತಿಯನ್ನು ಇಲ್ಲಿಂದಲೇ ಹೇಳಬೇಕು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ. ಗಂಡ ತೀರಿಕೊಂಡ ಮೇಲೆ ನಾನು ಸೋಮವಾರಪೇಟೆ ಕಡೆಯ ತವರುಮನೆಯಲ್ಲಿದ್ದೆ. ಅಣ್ಣ ಯುದ್ಧದ ಕಾಲದಲ್ಲಿ ಇಟಲಿಯಲ್ಲಿ ಸಿಪಾಯಿಯಾಗಿದ್ದವನು. ಕಾಫಿಗೆ ಒಳ್ಳೆಯ ಬೆಲೆ ಬಂದದ್ದೇ ತಡ, ಹೆಂಡತಿಗೂ ಹತ್ತು ವರ್ಷದ ಮಗಳು ಶಾಂತೆಗೂ ಯುರೋಪು ತೋರಿಸುವ ಹುಚ್ಚು ಹಿಡಿಯಿತು. ಬೊಂಬಾಯಿಯಿಂದ ವಿಮಾನ ಕಂಪನಿಯ ಪುಸ್ತಕ ತರಿಸಿದ. ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವವಳು ಮನೆಯಲ್ಲಿ ನಾನೊಬ್ಬಳೇ. ಊರಿಗೊಂದು ಟಿಕೆಟ್ಟು ಕೊಂಡರೆ ತೋಟವನ್ನೇ ಮಾರಬೇಕಾಗುತ್ತಿತ್ತು. ಲಂಡನ್ನಿಗೆ ಹೋಗಿಬರುವ ಒಂದೇ ಟಿಕೆಟ್ಟಿನಲ್ಲಿ ರೋಮ್, ಜಿನೀವಾ, ಪ್ಯಾರಿಸ್ಸುಗಳಲ್ಲೂ ಇಳಿದು ಹತ್ತಬಹುದು, ಮಾರ್ಚ್ ಮುಗಿಯುವುದರೊಳಗೆ ಹೊರಟರೆ ದರ ಕಡಿಮೆ, ಹನ್ನೆರಡು ತುಂಬದ ಮಗುವಿಗೆ ಅರ್ಧ ಎಂದು ಹುಡುಕಿ ತೆಗೆದೆ. ಮೂರೂವರೆ ಟಿಕೆಟ್ಟು ಎಂದು ಬರೆದೆ.

ಫೆಬ್ರವರಿ ಕಳೆದರೂ ಹೂಮಳೆ ಬರಲಿಲ್ಲ. ಆ ಮಳೆ ಬಿದ್ದು ಗಿಡ ಹೂ ಬಿಡುವುದನ್ನು ನೋಡದೆ ಕಾಫಿಯವರು ಯಾರೂ ತೋಟ ಬಿಟ್ಟು ಹೋಗುವುದಿಲ್ಲ. ಒಂದು ಬೆಳಿಗ್ಗೆ ಅಣ್ಣ ನನ್ನ ಕಾಗದದಲ್ಲಿ ಮೂರೂವರೆಯನ್ನು ಎರಡೂವರೆ ಮಾಡಿದ.

“ತೋಟ ನೋಡ್ಕಳಕೆ ಒಬ್ರು ಬೇಕಲ್ಲ ಗಿರಿಜಾ. ಹೊರಡೋದ್ರೊಳಗೆ ಮಳೆ ಬಂದ್ರೆ ನೀನೂ ಬಾ.”

“ಅವಳಿಗ್ಯಾಕ್ರೀ ರೋಮು? ಬಂದು ಯಾರಿಗೆ ಹೇಳ್ಬೇಕು?” ಎಂದು ಅತ್ತಿಗೆ ನಕ್ಕಳು.

ಒಲೆಯ ಮುಂದೆ ಕೂತು ಕಣ್ಣೀರು ಸುರಿಸಿದೆ. ಮೈಯೆಲ್ಲ ಉರಿಯುತ್ತಿತ್ತು. ಮರುದಿನವೇ ಬಸ್ಸು ಹತ್ತಿ ಮಡಿಕೇರಿಗೆ ಬಂದೆ. ಭಾಗಮಂಡಲದ ಬಸ್ಸಿಗೆ ಮೂರು ಗಂಟೆ ಕಾದೆ. ಸಂಗಮದಲ್ಲಿ ಮುಳುಗೆದ್ದು ಒದ್ದೆ ಸೀರೆಯಲ್ಲೇ ಗುಡಿಯಲ್ಲಿ ಸ್ವಾಮಿಯ ಮುಂದೆ ನಿಂತು, ಅವರು ಹೊರಡುವ ಮೊದಲು ಮಳೆ ಕೊಡು ಎಂದು ಹರಕೆ ಹೊತ್ತೆ. ನಿಮ್ಮಲ್ಲಿ ಮುಚ್ಚಿಡುವುದೇನು, ಇನ್ನೊಂದು ಮಾತನ್ನೂ ಸೇರಿಸಿದೆ. ನನ್ನನ್ನು ಬಿಟ್ಟು ಅವರು ಹೋಗಕೂಡದು ಎಂದೆ.

ಹತ್ತು ದಿನ ಮೋಡದ ಸುಳಿವಿಲ್ಲ. ಟ್ರಂಕುಗಳು ಹಜಾರಕ್ಕೆ ಬಂದವು. ಅತ್ತಿಗೆಯ ಹೊಸ ಉಣ್ಣೆ ಕೋಟಿಗೆ ಗುಂಡಿ ಹೊಲಿದುಕೊಟ್ಟವಳೂ ನಾನೇ. ದೇವರೂ ಉಳ್ಳವರ ಕಡೆಯೇ ಎಂದು ಕೈಚೆಲ್ಲಿ ಕುಳಿತೆ.

ಟಿಕೆಟ್ಟಿನ ಹಣ ಕಟ್ಟಲು ಅಣ್ಣ ಬೊಂಬಾಯಿಗೆ ಹೊರಡಬೇಕಿದ್ದ ದಿನದ ಹಿಂದಿನ ಸಂಜೆ ಗುಡುಗಿತು. ಮೊದಲು ಮಳೆ, ಹಿಂದೆಯೇ ನಿಂಬೆಹಣ್ಣಿನಂಥ ಆಲಿಕಲ್ಲು. ಅರ್ಧ ಗಂಟೆಯಲ್ಲಿ ಅಣ್ಣನ ತೋಟದ ಮೊಗ್ಗೆಲ್ಲ ಮಣ್ಣುಪಾಲು. ಅವನು ಗಿಡಗಳ ನಡುವೆ ಕುಕ್ಕರಗಾಲಿನಲ್ಲಿ ಕೂತು ಉದುರಿದ ಮೊಗ್ಗನ್ನು ಆಯುತ್ತಿದ್ದ. ಆಯ್ದು ಏನು ಮಾಡುತ್ತಾನೆಂದು ಅವನಿಗೂ ಗೊತ್ತಿರಲಿಲ್ಲ. ಯುರೋಪಿನ ಮಾತು ಅಲ್ಲಿಗೇ ನಿಂತಿತು. ತೊರೆಯಾಚೆ ಅಪ್ಪ ನನ್ನ ಹೆಸರಿಗೆ ಬರೆದಿಟ್ಟಿದ್ದ ಐದು ಎಕರೆಗೆ ಮಾತ್ರ ಬರೀ ಮಳೆ ಬಿದ್ದಿತ್ತು. ಒಂಬತ್ತನೆಯ ದಿನ ಅದು ಬೆಳ್ಳಗೆ ಅರಳಿತು. ಪರಿಮಳ ಮನೆಯೊಳಗೆ ನುಗ್ಗಿದಾಗ ಅತ್ತಿಗೆ ಕಿಟಕಿ ಹಾಕಿದಳು.

“ದೇವ್ರ ಹತ್ರ ಇದನ್ನೇ ಬೇಡ್ಕೊಂಡು ಬಂದ್ಯೇನೇ ಪಾಪಿ?”

“ಮಳೆ ಕೇಳ್ದೆ ಅತ್ತಿಗೆ. ಎಷ್ಟು ದಪ್ಪ ಇರ್ಬೇಕು ಅಂತ ಹೇಳಿರ್ಲಿಲ್ಲ.”

ನನಗೆ ಸಂತೋಷವಾಗಿತ್ತು. ದೇವರ ವಿಷಯದಲ್ಲಿ ಸುಳ್ಳು ಹೇಳಲಾರೆ.

ಮರುವರ್ಷ ನನ್ನ ಕಾಫಿ ಮಾರಿ, ನಾನು ಹುಡುಕಿದ ದಾರಿಯಲ್ಲೇ ನನಗೊಂದು ಟಿಕೆಟ್ಟು ಮಾಡಿಸಿದೆ. ಆ ನಾಲ್ಕು ಊರುಗಳ ಹೆಸರನ್ನು ಶಾಂತೆ ಬಾಯಿಪಾಠ ಮಾಡಿಕೊಂಡಿದ್ದಳು.

“ಅತ್ತೆ, ನಂಗಿನ್ನೂ ಹನ್ನೊಂದು. ಅರ್ಧ ಟಿಕೆಟ್ ಸಾಕಲ್ವಾ? ನಾನೂ ಬರ್ಲಾ?”

ದುಡ್ಡಿತ್ತು. ಆದರೆ ಅವಳ ನಗು ಅವಳ ತಾಯಿಯದು. “ನನ್ನ ಯಾಕೆ ಕೇಳ್ತೀಯಾ? ನಾನು ಯಾರನ್ನ ಕೇಳಿದ್ನೋ ಅವನನ್ನೇ ಕೇಳು” ಎಂದೆ.

ಹರಕೆ ತೀರಿಸಲು ಭಾಗಮಂಡಲಕ್ಕೆ ಹೊರಟಾಗ ಅವಳೂ ಹಟ ಹಿಡಿದು ಬಂದಳು. ಸ್ವಾಮಿಯ ಮುಂದೆ ಕಣ್ಣು ಮುಚ್ಚಿ ನಿಂತವಳು ಬಸ್ಸಿನ ಹೊತ್ತಾದರೂ ಕೈ ಇಳಿಸಲಿಲ್ಲ. ನೀನೇನು ಬೇಡಿಕೊಂಡೆ ಎಂದು ದಾರಿಯಲ್ಲಿ ಕೇಳಿದೆ. ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಜಾಗವಿದ್ದರೂ ಹಿಂದೆ ಹೋಗಿ ಕೂತಳು.

ಬೊಂಬಾಯಿಯಿಂದ ರೋಮಿನವರೆಗೆ ವಿಮಾನ ಕುಲುಕಿದಾಗಲೆಲ್ಲ ಆ ಮುಚ್ಚಿದ ಕಣ್ಣುಗಳೇ ನನಗೆ ಕಂಡವು. ಕ್ಷೇಮವಾಗಿ ಹೋಗಿಬಂದೆ, ಅವನ ದಯೆ. ಕೇಳಿದ್ದೇನೆಂದು ಶಾಂತೆ ಇನ್ನೂ ಹೇಳಿಲ್ಲ. ಭಕ್ತಬಾಂಧವರೇ, ಸ್ವಾಮಿ ಯಾರ ಮೊರೆಯನ್ನೂ ಮರೆಯುವುದಿಲ್ಲ. ನನಗಿಂತ ಚೆನ್ನಾಗಿ ಅದನ್ನು ಬಲ್ಲವರಿಲ್ಲ. ಈಗ ದಿನಕ್ಕೆ ಎರಡು ಸಲ ದೀಪ ಹಚ್ಚುತ್ತೇನೆ.