ಚೊಲೋ ಕಾಣೋ ಎರಡು ಮೀನು

ಯಾರಾದರೂ ಗಾಜಿನ ಪೆಟ್ಟಿಗಿಯೊಳಗಿನ ಬಂಗಾರ ಬಣ್ಣದ ಮೀನು ತೋರಿಸಿ, “ಮರಿ ಭಾಳ ಆಗ್ಯಾವ, ಒಂದೆರಡು ಒಯ್ರಿ, ಚೊಲೋ ಅದಾವ” ಅಂದ್ರ ಸಾಕು, ನನ್ನ ಬಾಯಿಂದ ಥಟ್ಟನ ಒಂದು ಮಾತು ಬೀಳ್ತದ: “ಉಳಿದಾವು ಹೆಂಗದಾವ್ರಿ?” ಕೊಡಾಕ ಬಂದವರ ಮುಖ ಸಣ್ಣದಾಗ್ತದ. ಪುಕ್ಕಟೆ ಕೊಟ್ಟರೂ ಪೊಲೀಸರ ಹಂಗ ಜಬಾನಿ ತಗೋತಾಳಲ್ಲ ಈ ಮುದುಕಿ ಅಂತ ಅನ್ಕೋತಾರ. ಅನ್ಕೊಳ್ಳಲಿ. ನನಗ ಈ ಖೋಡಿ ಚಾಳಿ ಹತ್ತಿದ್ದು ನಮ್ಮ ಅಪ್ಪನಿಂದ.

ಅದು ನಿಜಾಮರ ರಾಜ್ಯದ ಕಡೀ ಕಾಲ. ಅಪ್ಪ ಸುರಪುರದಾಗ ಉರ್ದು ಸಾಲಿ ಮಾಸ್ತರ. ಹೈದರಾಬಾದಿನಿಂದ ಬಂಗಾರ ಮೀನು ತಂದು, ಅಂಗಳದ ಹೌದದಾಗ, ಅಂದ್ರ ಕಲ್ಲಿನ ನೀರ ತೊಟ್ಟಿಯೊಳಗ ಬಿಟ್ಟು, ಮರಿ ಮಾಡಿಸಿ, ಶಹಾಪುರ, ಯಾದಗಿರಿ ಕಡೆ ಹೌದ ಇದ್ದ ಮನಿಯವರಿಗೆ ಮಾರತಿದ್ದ. ಸಾಲಿ ಹುಡುಗರ ಹೆಸರು ಮರೀತಿದ್ದ, ಮೀನಿನ ಹೆಸರು ಮರೀತಿರಲಿಲ್ಲ. ನಾವು ಕೆಮ್ಮಿದ್ರ ಅವ್ವನ್ನ ಕರೀತಿದ್ದ. ಮೀನು ಮ್ಯಾಲ ಬಂದು ಬಾಯಿ ತೆರೆದ್ರ ತಾನೇ ಓಡ್ತಿದ್ದ.

ಒಂದು ಬ್ಯಾಸಗಿ ಮೀನಿನ ಮೈಮ್ಯಾಲ ಉಪ್ಪಿನ ಹರಳಿನಂಥ ಬಿಳೇ ಗುಳ್ಳಿ ಎದ್ದವು. ಅವ್ವ ಬಗ್ಗಿ ನೋಡಿ, ಕೈ ಮುಗಿದು, “ಅಮ್ಮ ಬಂದಾಳ” ಅಂದ್ಲು. ಸಿಡುಬು ಎದ್ದ ಮನಿಯೊಳಗ ಹಂಗ ಅನ್ನೂದು ರೂಢಿ. ಅಮ್ಮ ಇಳಿದು ಹೋಗೂತನಾ ಆ ಮನಿಯಿಂದ ಒಲಿ ಕೆಂಡ, ಉಪ್ಪು, ಮಜ್ಜಿಗಿ, ಏನೂ ಹೊರಗ ಹೋಗಂಗಿಲ್ಲ. ಅವ್ವ ಹೌದಕ್ಕ ಬೇವಿನ ಸೊಪ್ಪು ಹಾಕಿ, “ಒಂದು ಮರೀನೂ ಹೊಸ್ತಿಲ ದಾಟಂಗಿಲ್ಲ” ಅಂತ ಹುಕುಂ ಮಾಡಿದ್ಲು. ಅಪ್ಪ ಹೊಟ್ಟಿ ಹಿಡಕೊಂಡು ನಕ್ಕ. ದೇವಿ ನೀರಾಗ ಮುಳುಗಿ ಬರ್ತಾಳೋ ಈಜಿ ಬರ್ತಾಳೋ ಅಂತ ಶಾಸ್ತ್ರ ಕೇಳಿದ. ನಗುವಂಥದ್ದೇ ಬಿಡ್ರಿ, ನಾನೂ ನಕ್ಕಿದ್ದೆ.

ಅದೇ ಹೊತ್ತಿಗೆ ಶಹಾಪುರದ ಬೀಬನ್ ಖಾಲಾ ಮತ್ತೊಮ್ಮೆ ಹೇಳಿ ಕಳಿಸಿದ್ಲು. ಖಾಲಾ, ಅಂದ್ರ ಚಿಕ್ಕಮ್ಮ, ಅಂತ ನಾವು ಕರೀತಿದ್ದದ್ದು ಅಪ್ಪನ ಜೋಡಿ ಕಲಿಸ್ತಿದ್ದ ಮಾಸ್ತರರ ಹೆಂಡತಿಗೆ. ಆ ಮಾಸ್ತರರು ತೀರಿಕೊಂಡಿದ್ರು. ಖಾಲಾನ ಹೌದದಾಗ ಅವರು ಬಿಟ್ಟ ಒಂದು ಮುದಿ ಮೀನು ಇತ್ತು, ನವಾಬ ಅಂತ ಹೆಸರು. ಖಾಲಾ ನೀರಾಗ ಬೆರಳಿಟ್ರ ನವಾಬ ಬಂದು ರೊಟ್ಟಿ ಚೂರು ತಿಂದು ಹೋಗ್ತಿತ್ತು. “ನನ್ನಂಗ ಅದೂ ಒಂಟಿ ಆಗ್ಯದ, ಜೋಡಿಗಿ ಎರಡು ಮರಿ ಕೊಡ್ರಿ” ಅಂತ ಆಕಿ ಕೇಳಿಕೋತಿದ್ಲು. ಅಪ್ಪನ ಮನಸ್ಸು ತಡೀಲಿಲ್ಲ. ಗುಳ್ಳಿ ಇಲ್ಲದ ಎರಡು ಮರಿ ಆರಿಸಿ, ತಂಬಿಗಿಯೊಳಗ ಬಿಟ್ಟು, ಬಾಯಿಗಿ ಹಸಿ ಅರಿವಿ ಕಟ್ಟಿ, ಅವ್ವ ಬಾವಿಗೆ ಹೋದಾಗ ಶಹಾಪುರದ ಮೋಟಾರು ಬಸ್ಸು ಹತ್ತಿದ.

ಎತ್ತು ಕೊಳ್ಳವ ಬಾಯಿ ತೆರೆಸಿ ಹಲ್ಲು ನೋಡ್ತಾನ, ಬಾಲ ತಿರುವ್ತಾನ, ನಾಕು ಹೆಜ್ಜಿ ನಡಿಸ್ತಾನ. ಮೀನಿಂದು ಏನು ನೋಡ್ತೀರಿ? ನೋಡಾಕ ಸಿಗೂದು ಮಾರವನ ಮುಖ ಒಂದೇ. ಅಪ್ಪನ ಮುಖ ಭಾಳ ಒಳ್ಳೇದಿತ್ತು. ಸುಳ್ಳೂ ಹೇಳಲಿಲ್ಲ. “ಚೊಲೋ ಅದಾವ” ಅಂದ. ಅವು ಎರಡೂ ಚೊಲೋನೇ ಕಾಣತಿದ್ದವು. ಉಳಿದಾವು ಹೆಂಗದಾವ ಅಂತ ಆಕಿ ಕೇಳಲಿಲ್ಲ, ಈತ ಹೇಳಲಿಲ್ಲ. ಪುಕ್ಕಟೆ ತಂದ ಜೀವ ಮನಿಗಿ ಹತ್ತಂಗಿಲ್ಲ ಅಂತ ಖಾಲಾ ಜುಲುಮಿಲೆ ರೊಕ್ಕ ಕೊಟ್ಲು.

ಮುಂದಿನ ಸಲ ಶಹಾಪುರಕ್ಕ ಹೋಗಿ ಬಂದ ಅಪ್ಪ ಉಣ್ಣಾಕ ಕುಂತವ ತುತ್ತು ಎತ್ತಲಿಲ್ಲ. ಖಾಲಾನ ಹೌದ ಖಾಲಿ. ಮೊದಲು ಮರಿಗಳಿಗೆ ಗುಳ್ಳಿ ಎದ್ದಾವ, ಆಮ್ಯಾಲ ನವಾಬಗ. ನವಾಬ ಆಕಿ ಬೆರಳಿನ ಹತ್ತಿರಾನೇ ಬಂದು ಸತ್ತದ. ಇಷ್ಟು ಅಪ್ಪನೇ ಹೇಳಿದ್ದು.

“ಆಕಿ ಏನಂದ್ಲು?” ಅವ್ವ ಕೇಳಿದ್ಲು.

“ನನ್ನ ಹೌದದಾಗ ಏನೋ ಖರಾಬಿ ಇತ್ತು, ನಿಮ್ಮ ಚೊಲೋ ಮೀನು ಕೊಂದೆ, ಮಾಫ್ ಮಾಡ್ರಿ ಭೈಯಾ ಅಂತ ಅತ್ತಳು.”

“ನೀವೇನಂದ್ರಿ?”

ಅಪ್ಪ ಊಟದ ಗಂಗಾಳ ನೋಡಿಕೋತ ಹೇಳಿದ: “ಹೋಗ್ಲಿ ಬಿಡ್ರಿ, ಅಂದೆ.”

ಆಮ್ಯಾಲ ಅಪ್ಪ ಯಾರಿಗೂ ಮೀನು ಮಾರಲಿಲ್ಲ. ಖಾಲಾ ಮಾತ್ರ ಪ್ರತಿ ರಂಜಾನಕ್ಕ ಶಾವಿಗಿ, ಖಜೂರ ಕಳಿಸಾಕ ಹತ್ತಿದ್ಲು, ತಾನೇ ಕೊಂದೆ ಅಂದ್ಕೊಂಡ ಮೀನಿನ ಸಲುವಾಗಿ. “ಈ ಸಲ ಹೋಗಿ ಎಲ್ಲಾ ಹೇಳಿಬಿಡ್ತೀನಿ” ಅಂತ ಅಪ್ಪ ಪ್ರತಿ ಸಲ ಅಂತಿದ್ದ. ಮೋಟಾರು ಹೊಂಡೂ ಹೊತ್ತಿಗೆ ಅವನಿಗೆ ಸಾಲಿ ಕೆಲಸ ನೆನಪಾಗ್ತಿತ್ತು. ಖಾಲಾ ಇರೂತನಾ ಹೇಳಲೇ ಇಲ್ಲ. ಪಾಪ, ಹೇಳಬೇಕಂತ ಅವನಿಗೆ ಖರೇನೇ ಇತ್ತು. ಅವ್ವ ಒಂದು ಮಾತೂ ಬೈಯಲಿಲ್ಲ. ಆ ಶಾವಿಗೀದು ಪಾಯಸ ಮಾಡಿ, ಎಲ್ಲಾರಿಗಿಂತ ಮೊದಲು ಅಪ್ಪನ ಮುಂದ ಇಟ್ಟು ಅಂತಿದ್ಲು:

“ಉಣ್ರಿ. ನೀವು ಆಕೀನ್ನ ಮಾಫ್ ಮಾಡೀರಲ್ಲ.”